ಅತ್ತೆಯ ಕಂದು ಕೊಬ್ಬು

ನಮ್ಮ ಸೋದರತ್ತೆಯ ಮೈಯೊಳಗೆ ಒಂದು ಒಲೆ ಇದೆ. ಇದು ನನ್ನ ಮಾತಲ್ಲ, ಅವರದೇ. ಕೊಪ್ಪದಿಂದ ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿ ಶಾಲೆಯಿಂದ ಮಾತ್ರ, ಪಾಠದಿಂದಲ್ಲ.

ಕತ್ತು, ಬೆನ್ನಿನ ಕಡೆ ಕಂದು ಕೊಬ್ಬು ಎಂಬುದೊಂದು ಇರುತ್ತದಂತೆ. ಅದರ ತುಂಬ ಮೈಟೊಕಾಂಡ್ರಿಯಾ, ಅಂದರೆ ಜೀವಕೋಶದೊಳಗಿನ ಪುಟ್ಟ ಪುಟ್ಟ ಒಲೆಗಳು.

"ಅದು ಬಚ್ಚಲೊಲೆ ಇದ್ದಂಗೆ ಮಾರಾಯ್ತಿ. ಅನ್ನ ಬೇಯ್ಸಲ್ಲ, ಸಾರು ಕುದಿಸಲ್ಲ. ಬರೀ ಕಾಯ್ಸೋದು."

ಚಳಿಗೆ ಮೈಯೊಡ್ಡಿದರೆ ಈ ಒಲೆ ಹೊತ್ತಿಕೊಳ್ಳುತ್ತದೆಂದು ಅತ್ತೆ ಪುಷ್ಯ ಮಾಸದಲ್ಲೂ ತಣ್ಣೀರು ಸ್ನಾನ ಮಾಡುತ್ತಾರೆ. ಇಂಥವರೆದುರು ಸ್ವೆಟರ್ ಹಾಕುವ ಧೈರ್ಯ ಯಾರಿಗಿದೆ? ಮೆಣಸೆ ಊರಿನ ಮದುವೆ ಮನೆಯಲ್ಲಿ ಬಿಸಿನೀರಿಗೆ ಕಾದವರನ್ನೆಲ್ಲ ತಮ್ಮ ತಣ್ಣೀರಿನ ಪಕ್ಷಕ್ಕೆ ಕರೆದರು. ಹೋದವರು ಮದುಮಗನ ಚಿಕ್ಕಪ್ಪ ಒಬ್ಬರೇ. ಧಾರೆಯ ಹೊತ್ತಿಗೆ ಮಂತ್ರಕ್ಕಿಂತ ಅವರ ಸೀನೇ ಜೋರಾಗಿ ಕೇಳಿಸಿತು.

ಊಟಕ್ಕೆ ನೆಲ್ಲಿಕಾಯಿ ತಂಬುಳಿ ಬಂತು. ಅತ್ತೆ ಎಲೆಗೆ ಕೈ ಅಡ್ಡ ಹಿಡಿದರು.

"ಎಂತಕ್ಕೆ ಅತ್ತೆ? ಆರೋಗ್ಯಕ್ಕೆ ಒಳ್ಳೇದಲ್ವಾ?" ಎಂದೆ.

"ಒಲೆ ಉರಿದ್ರೆ ಕಿಡಿ ಹಾರುತ್ತೆ. ಮೈಯೊಳಗಿನ ಕಿಡಿ ಅಂದ್ರೆ ಸುಮ್ನಿರಲಾರದ ಆಮ್ಲಜನಕ. ಜಾಸ್ತಿಯಾದ್ರೆ ಸುಡುತ್ತೆ, ಹೌದು. ಆದ್ರೆ ಕಂದು ಕೊಬ್ಬಲ್ಲಿ ಆ ಕಿಡೀನೇ ಒಲೆಗೆ ಇನ್ನೂ ಉರಿ ಅಂತ ಹೇಳೋದು. ನೆಲ್ಲಿಕಾಯಲ್ಲಿರೋ ವಿಟಮಿನ್ ಸಿ ಕಿಡಿ ಆರಿಸುತ್ತೆ. ಅದನ್ನ ತಿಂದು ಒಲೆ ಆರಿಸ್ಲಾ?"

ಬಡಿಸುವವರು ಸೌಟು ಹಿಡಿದು ಪೂರ್ತಿ ಪಾಠ ಕೇಳಿದರು. ಸಾಲಿನ ಕೊನೆಯವರು ಬರೀ ಅನ್ನ ನೋಡುತ್ತ ಕೂತರು.

ಕಳೆದ ಚಳಿಗಾಲದಲ್ಲಿ ನನಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಗಲದ ಹೆಣ್ಣು ಮಗು. ಮೈಯಲ್ಲಿ ಬಿಸಿ ನಿಲ್ಲುತ್ತಿರಲಿಲ್ಲ, ತಣ್ಣಗಾದರೆ ಜೀವಕ್ಕೇ ಅಪಾಯ. ಯಾರಾದರೂ ಬರಿ ಎದೆಗೆ ಒತ್ತಿಕೊಂಡು ಕೂರಬೇಕು ಎಂದರು ಡಾಕ್ಟರು. ನನಗೆ ವಿಪರೀತ ಜ್ವರ. ನಮ್ಮವರು ಮಗುವನ್ನು ಮುಟ್ಟಲೇ ಹೆದರುತ್ತಿದ್ದರು.

ಅತ್ತೆ ಬಂದರು. ದೊಡ್ಡ ಪಾಠಕ್ಕೆ ನಾನು ಸಿದ್ಧಳಾದೆ.

"ದಿನ ತುಂಬಿದ ಕೂಸಿಗೆ ಬೆನ್ನಲ್ಲಿ ಕಂದು ಕೊಬ್ಬು ಇರುತ್ತೆ. ಇದಕ್ಕಿನ್ನೂ ಸಾಕಷ್ಟು ಕೂಡಿಲ್ಲ. ಕೊಡಿ ಇಲ್ಲಿ," ಎಂದರು. ಅಷ್ಟೇ.

ಮಗುವನ್ನು ಎದೆಗಿಟ್ಟು ಸೆರಗು ಮುಚ್ಚಿಕೊಂಡು ಕೂತವರು ಸಂಜೆವರೆಗೂ ಅಲುಗಲಿಲ್ಲ. ಬಸ್ಸಿನ ಅಪರಿಚಿತರನ್ನೂ ಬಿಡದ ಬಾಯಿ ಮುಚ್ಚಿಯೇ ಇತ್ತು. ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

ನರ್ಸ್ ಬಂದು ಮಗುವಿನ ಕಂಕುಳಲ್ಲಿ ಜ್ವರ ನೋಡುವ ಕಡ್ಡಿ ಇಟ್ಟು ತೆಗೆದು, "ಬೆಚ್ಚಗಾಗಿದೆ ಅಮ್ಮ, ಇನ್ನು ಹೆದರ್ಬೇಡಿ," ಎಂದಳು.

ನನಗೆ ಅಳು ಉಕ್ಕಿ ಬಂತು. ಅದನ್ನು ತಡೆಯಲೆಂದೇ, ಜೀವನದಲ್ಲಿ ಮೊದಲ ಸಲ, ನಾನಾಗಿ ಅವರ ವಿಷಯದಲ್ಲಿ ಪ್ರಶ್ನೆ ಕೇಳಿದೆ.

"ಅತ್ತೆ, ಈ ಬಿಸಿ ಯಾವ ಕೊಬ್ಬಿಂದ ಬಂತು?"

ಅತ್ತೆ ತಲೆ ಎತ್ತಲಿಲ್ಲ. ಕೆನ್ನೆ ಒದ್ದೆಯಾಗಿತ್ತು.

"ಸ್ವಲ್ಪ ಸುಮ್ನಿರು ಮಾರಾಯ್ತಿ. ಇದರ ಎದೆಬಡಿತ ಗೊತ್ತಾಗ್ತಾ ಇದೆ."