ಅತ್ತೆಯವರ ದಾಸವಾಳಕ್ಕೆ ಓಣಿಯೆಲ್ಲ ವೈದ್ಯರು

ದಾಂಡೇಲಿಯ ನಮ್ಮ ಓಣಿಯಲ್ಲಿ ಮನುಷ್ಯರಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ. ಗಿಡಕ್ಕೆ ಹುಳು ಬಿದ್ದರೆ ಮಾತ್ರ ತಾವೇ ಡಾಕ್ಟರಾಗಿ ಬರುತ್ತಾರೆ. ಹಿತ್ತಲಿರುವ ಮನೆಗಳಲ್ಲೆಲ್ಲ ಇದು ನಡೆದೇ ಇರುತ್ತದೆ. ಹೋದ ವರ್ಷ ಸರದಿ ನಮ್ಮದಾಯಿತು.

ಅತ್ತೆಯವರು ಒಂದೆರಡು ತಿಂಗಳು ಮಗಳ ಮನೆಯಲ್ಲಿದ್ದು ಬರುತ್ತೇನೆಂದು ಮುಂಡಗೋಡಕ್ಕೆ ಹೊರಟರು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿನ್ನ ಗಂಡ ಉಪವಾಸ ಇದ್ರೂ ಚಿಂತಿಲ್ಲ, ನನ್ನ ದಾಸಾಳ ಗಿಡಾ ಜ್ವಾಪಾನ ಮಾಡವಾ" ಎಂದರು. ದಿನಾ ಗಣಪತಿಗೆ ಏರಿಸುವ ಕೆಂಪು ಹೂವಿನ ಗಿಡ ಅದು. ಧಾರವಾಡದ ತವರಿನಿಂದ ತಂದ ಟೊಂಗೆಯಿಂದ ಬೆಳೆಸಿದ್ದು. ಅವರು ಹೋದ ವಾರದಲ್ಲೇ ಅದರ ತುಂಬ ಹಿಟ್ಟು ಮೆತ್ತಿದಂಥ ಬಿಳಿ ಹುಳು!

೧. ಬೂದಿ

ಎದುರುಮನೆಯ ಅಕ್ಕ, "ಬೂದಿ ಉಗ್ಗ್ರಿ, ಹುಳ ಹೇಳಾಕ ಸಿಗೂದಿಲ್ಲ" ಎಂದರು. ನಮ್ಮದು ಗ್ಯಾಸ್ ಒಲೆ, ಬೂದಿ ಎಲ್ಲಿಂದ ತರುವುದು? ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ, ಮಿಲ್ಲಿನ ಡ್ಯೂಟಿ ಮುಗಿಸಿ ಬಂದ ನಮ್ಮ ಯಜಮಾನರು ದೇವರ ಜಗುಲಿಯ ವಿಭೂತಿ ಗಟ್ಟಿಯನ್ನೇ ಪುಡಿಮಾಡಿ ಗಿಡಕ್ಕೆ ಸವರಿದ್ದರು.

"ಏನ್ರೀ ಇದು?"

"ಬೂದಿ ಬೂದೀನ. ಇದು ದೇವರದು, ಜಾಸ್ತಿ ಕೆಲಸ ಮಾಡ್ತೈತಿ."

ಬಿಳಿ ಹುಳುವಿನ ಮೇಲೆ ಬಿಳಿ ವಿಭೂತಿ. ಯಾವುದು ರೋಗ, ಯಾವುದು ಔಷಧ ಎಂದು ಇಬ್ಬರೂ ಚಸ್ಮಾ ಹಾಕಿಕೊಂಡು ಹುಡುಕುತ್ತ ಕೂತೆವು. ಹಿತ್ತಲ ಬೇಲಿಯಾಚೆ ದಾರಿಯಲ್ಲಿ ಹೊರಟಿದ್ದ ಅಜ್ಜಿಯೊಬ್ಬರು ಗಿಡಕ್ಕೆ ಕೈಮುಗಿದು ಹೋದರು.

೨. ಖಾರ

ಪಕ್ಕದ ಮನೆ ಕಾಕು ತೇರಗಾಂವ ಕಡೆಯವರು. "ಬೆಳ್ಳೊಳ್ಳಿ, ಕೆಂಪ ಮೆಣಸಿನಕಾಯಿ ಕೂಡಿಸಿ ಅರದು, ಸೋಸಿ, ಆ ನೀರು ಹೊಡೀರಿ" ಎಂದರು. ಕಣ್ಣು ಮೂಗು ಸುರಿಸುತ್ತ ಅರೆದೆ. ನೀರನ್ನು ಬಾಟಲಿಗೆ ತುಂಬಿ, ಸ್ವಲ್ಪ ಸಾಬೂನು ಕದಡಿ, ಉಳಿದ ಚರಟವನ್ನು ಬಟ್ಟಲಲ್ಲಿಟ್ಟು ಹಿತ್ತಲಿಗೆ ಹೋದೆ. ಮರಳಿ ಬಂದರೆ ಯಜಮಾನರು ಆ ಚರಟಕ್ಕೆ ಎಣ್ಣೆ ಹಾಕಿಕೊಂಡು ಎರಡನೇ ರೊಟ್ಟಿ ಮುಗಿಸುತ್ತಿದ್ದರು.

"ಇಂಥಾ ರಂಜಕ ಚಟ್ನಿ ಮದಿವ್ಯಾದಾಗಿಂದ ಉಂಡಿದ್ದಿಲ್ಲ. ಯಾರು ಕಲಿಸಿದ್ರು?"

ಸಾಬೂನು ಬಿದ್ದದ್ದು ಬಾಟಲಿಗೆ, ಬಟ್ಟಲಿಗಲ್ಲ ಎಂದು ನೆನಪಾಗಿ ನನಗೆ ಹೋದ ಜೀವ ಬಂತು. ನಿಜ ಮಾತ್ರ ಹೇಳಲಿಲ್ಲ. ಈಗಲೂ ವಾರಕ್ಕೊಮ್ಮೆ ಹುಳುವಿನ ಔಷಧವನ್ನು ಕೇಳಿ ಮಾಡಿಸಿಕೊಂಡು ಉಣ್ಣುತ್ತಾರೆ.

೩. ಗೋಮೂತ್ರ

ಆ ಖಾರದ ನೀರನ್ನು ನಾನು ಹೊಡೆದದ್ದು ಉರಿಬಿಸಿಲಿನಲ್ಲಿ. ಹುಳು ಸತ್ತವು, ಹಿಂದೆಯೇ ಎಲೆಗಳೂ ಉದುರಿದವು. ಉಳಿದದ್ದು ಬೋಳು ಕಡ್ಡಿ, ಅದರ ತುದಿಯಲ್ಲೊಂದು ಚಿಗುರು. ಅಷ್ಟರಲ್ಲಿ, ಬರುವ ತಿಂಗಳು ಬರಬೇಕಿದ್ದ ಅತ್ತೆಯವರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಸೀದಾ ಹಿತ್ತಲಿಗೆ ನಡೆದರು. ನಾನೂ ಹಿಂದೆಯೇ ಓಡಿದೆ. ಗಿಡ ನೋಡಿದರು, ಚಿಗುರು ಮುಟ್ಟಿದರು, "ಜೀವ ಐತಿ ಬಿಡು" ಎಂದು ಒಗೆಯುವ ಕಲ್ಲಿನ ಮೇಲೆ ಕೂತರು. ಒಂದು ಬೈಗುಳವೂ ಇಲ್ಲ! ನನಗೆ ಅದೇ ಹೆದರಿಕೆ.

"ಅತ್ತಿ, ಆರಾಮ ಅದೀರಿಲ್ರಿ?"

"ನಾ ಆರಾಮ ಅದೇನಿ. ಬೀಗತಿ ಗುಲಾಬಿಗೆ ಆರಾಮಿಲ್ಲ."

ಮಗಳ ಅತ್ತೆಯ ಗುಲಾಬಿಗೆ ನುಸಿ ಹತ್ತಿತ್ತಂತೆ. ನಮ್ಮ ಅತ್ತೆಯವರೇ ಮುಂದೆ ಬಿದ್ದು ಗೋಮೂತ್ರ ತರಿಸಿದ್ದರು. ಅದಕ್ಕೆ ಹತ್ತು ಪಾಲು ನೀರು ಬೆರೆಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು.

"ಮತ್ತ ಬೆರಸಲಿಲ್ಲೇನ್ರಿ?"

"ಬೀಗರ ಮನ್ಯಾಗ ನೀರ ಬೆರಸಿದ್ರ ಹೆಂಗ ಕಾಣತೈತಿ? ಹೆಣ್ಣಿನ ಕಡಿಯವ್ರು ಕೈ ಬಿಗಿ ಹಿಡದ್ರು ಅಂತಾರ. ಗಟ್ಟೀದನ್ನ ಸುರುವಿದೆ. ಎಲಿ ಸುಡಾಕ ಹತ್ತಿದ್ದು ನೋಡಿ ಬಸ್ ಹತ್ತಿದೆ."

ನಗು ತಡೆಯುವುದೇ ಕಷ್ಟವಾಯಿತು. ಅಷ್ಟರಲ್ಲಿ ಫೋನು. ಬೀಗತಿಯೇ!

"ಗುಲಾಬಿ ಪೂರಾ ಬೋಳಾಗೈತ್ರಿ. ನಿಮ್ಮ ಅತ್ತಿಯವ್ರನ್ನ ಕೇಳಿ ಇನ್ನೊಂದು ಔಷಧ ಹೇಳ್ರಿ."

ಅತ್ತೆಯವರು ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು: "ಬರೇ ನೀರ ಹಾಕ್ರಿ ಅನ್ನು. ಭಾಳ ಹಳೀ ಔಷಧ, ಎಲ್ಲಾರಿಗೂ ಹೇಳೂದಿಲ್ಲ ಅನ್ನು."