ಒಂದು ರಿಂಗಿನ ಸಂಸಾರ

ಮಾತು ಪುಗಸಟ್ಟೆಯಾದ ಈ ಕಾಲದಲ್ಲೂ ಬರೀ ಮಿಸ್ಡ್ ಕಾಲಿನಲ್ಲೇ ಸಂಸಾರ ತೂಗಿಸಿಕೊಂಡು ಬಂದ ಏಕಮೇವ ಗೃಹಸ್ಥ ನಾನು. ಬೇಕಾದ್ರೆ ಮುಳಬಾಗಿಲಲ್ಲಿ ಯಾರನ್ನಾದ್ರೂ ಕೇಳಿ. ಒಂದು ರಿಂಗ್ ಕೊಟ್ಟರೆ 'ಬಸ್ ಹೊರಡ್ತು, ಆಚೆ ಬಾ' ಅಂತ. ಎರಡು ಕೊಟ್ಟರೆ 'ಅನ್ನಕ್ಕಿಡು'. ಮೂರು ಕೊಟ್ಟರೆ 'ಬರೋದು ಲೇಟು, ಯಾಕೆ ಅಂತ ಕೇಳಬೇಡ'. (ಮೂರನೇದು ನನ್ನ ಸ್ವಂತ ಆವಿಷ್ಕಾರ. ಮನೆಯಲ್ಲಿ ನೆಮ್ಮದಿ ಅಂತ ಏನಾದ್ರೂ ಇದ್ದರೆ ಅದರಿಂದಲೇ.)

ಹೋದ ಶನಿವಾರ ಫೋನ್ ಅಂಗಡಿ ಮುನಿಶಾಮಿ, "ಕಾಂತರಾಜಣ್ಣ, ಎಷ್ಟು ಬಳಸ್ತೀರೋ ಅಷ್ಟಕ್ಕೆ ತಕ್ಕ ಪ್ಲಾನ್ ಹಾಕಿಸ್ಕೊಳ್ಳಿ" ಅಂದ. ನನಗೆ ಜ್ಞಾನೋದಯವಾಗಿಬಿಡ್ತು ನೋಡಿ. ನಾವು ಬಳಸೋದಾದ್ರೂ ಏನು? ಇರೋದು ಬಟನ್ ಫೋನು. ಕರೆ ಮಾಡಿ ಪೂರ್ತಿ ಮಾತಾಡಿದ ಇತಿಹಾಸವೇ ನಮ್ಮ ವಂಶದಲ್ಲಿಲ್ಲ.

"ಬರೀ ಇನ್‌ಕಮಿಂಗ್ ಇರೋದು ಹಾಕೋ."

"ಔಟ್‌ಗೋಯಿಂಗ್ ಇರಲ್ಲಣ್ಣ."

"ನಾವೆಲ್ಲಿ ಮಾತಾಡ್ತೀವೋ? ನಾವು ಮಿಸ್ಡ್ ಕಾಲ್ ಕೊಡೋ ಜನ."

"ಮೀ ಇಷ್ಟಂ, ನಿಮ್ಮಿಷ್ಟ," ಅಂತ ಅವನು ತಲೆ ಕೆರಕೊಂಡ.

ನನ್ನ ಉತ್ಸಾಹ ಎಲ್ಲಿ ನಿಲ್ಲುತ್ತೆ? ನನಗೆ, ಹೆಂಡತಿ ಶೋಭಾರಾಣಿಗೆ, ಜೊತೆಗೆ ಶ್ರೀನಿವಾಸಪುರದ ಅತ್ತೆ ದೊಡ್ಡವೆಂಕಟಮ್ಮನವರಿಗೂ ಅದೇ ಪ್ಲಾನನ್ನು ದಯಪಾಲಿಸಿದೆ.

ಮರುದಿನ ಭಾನುವಾರ, ಕುರುಡುಮಲೆ ಗಣಪತಿಗೆ ಅಭಿಷೇಕ. ಮಗಳು ಧನಶ್ರೀ ಎಸ್ಸೆಸ್ಸೆಲ್ಸಿ ಪಾಸಾಗಲಿ ಅಂತ ಶೋಭಾ ಹೊತ್ತ ಹರಕೆ. ನಾನು ಶ್ರೀನಿವಾಸಪುರಕ್ಕೆ ಹೋಗಿ ಅತ್ತೆಯನ್ನ ಕರ್ಕೊಂಡು ಬಂದು ಮುಳಬಾಗಿಲಲ್ಲಿ ಕುರುಡುಮಲೆ ಬಸ್ ಹತ್ತೋದು, ಅದು ಹೊರಟಾಗ ಒಂದು ರಿಂಗ್ ಕೊಡೋದು, ತಾಯಿ ಮಗಳು ನಮ್ಮ ಬೀದಿ ತಿರುವಿಗೆ ಬಂದು ಹತ್ತೋದು. ಆ ಬಸ್ ತಪ್ಪಿದರೆ ಅಭಿಷೇಕವೂ ತಪ್ಪಿದ ಹಾಗೆ.

ಬಸ್ ಹೊರಡ್ತು. ಬಟನ್ ಒತ್ತಿದೆ. "ನಿಮ್ಮ ಪ್ಲಾನಿನಲ್ಲಿ ಹೊರಹೋಗುವ ಕರೆ ಸೌಲಭ್ಯ ಇರುವುದಿಲ್ಲ" ಅಂತ ಒಬ್ಬ ಹೆಂಗಸು ಜೇನಿನಂಥ ದನಿಯಲ್ಲಿ ಹೇಳಿದಳು. ಮಿಸ್ಡ್ ಕಾಲ್ ಕೂಡ ಮೊದಲು ಹೊರಗೆ ಹೋಗಬೇಕು ಅನ್ನೋದು ನನಗೆ ಹೊಳೆದದ್ದೇ ಆಗ. ಅತ್ತೆಯ ಫೋನ್ ಕಿತ್ಕೊಂಡು ಒತ್ತಿದೆ. ಅದೇ ಹೆಂಗಸು.

"ಏಮಾಯಿಂದಿ ಅಲ್ಲುಡು? ಏನಾಯ್ತು ಅಳಿಯಂದ್ರೆ? ಮುಖ ಯಾಕೆ ಹಂಗಾಯ್ತು?" ಅಂದರು ಅತ್ತೆ.

ಕಂಡಕ್ಟರ್ ಕೈಕಾಲು ಹಿಡಿದು ಅವನ ಫೋನ್ ಈಸ್ಕೊಂಡೆ. ರಿಂಗಾಯ್ತು! ಅಭ್ಯಾಸಬಲ ನೋಡಿ, ಒಂದು ರಿಂಗಿಗೇ ನನ್ನ ಹೆಬ್ಬೆರಳು ಕಟ್ ಮಾಡಿಬಿಡ್ತು. ಧನ್ಯತೆಯಿಂದ ಫೋನ್ ವಾಪಸ್ ಕೊಟ್ಟೆ.

"ನಂದು ಅನ್‌ಲಿಮಿಟೆಡ್ ಅಣ್ಣ, ಮಾತಾಡಬೋದಿತ್ತಲ್ಲ," ಅಂದ ಅವನು.

ಆಗ ನೆನಪಾಯ್ತು. ಗೊತ್ತಿಲ್ಲದ ನಂಬರಿಂದ ಮಿಸ್ಡ್ ಕಾಲ್ ಬಂದರೆ ಮೋಸಗಾರರು ಕಣೇ, ಮುಟ್ಟಬೇಡ ಅಂತ ಶೋಭಾಗೆ ಪಾಠ ಹೇಳಿಕೊಟ್ಟವನು ಸಾಕ್ಷಾತ್ ನಾನೇ. ಅಷ್ಟರಲ್ಲಿ ನಮ್ಮ ಬೀದಿ ತಿರುವು ಬಂತು. ಅಲ್ಲಿ ಒಂದು ಕರು ಮಾತ್ರ ನಿಂತಿತ್ತು. ಬಸ್ ಮುಂದಕ್ಕೆ ಹೋಯ್ತು.

ಗುಡಿಯಲ್ಲಿ ಅರ್ಚಕರು ಕಾಯ್ತಾ ಇದ್ದರು. "ಮಗು ಎಲ್ಲಿ? ಯಾರ ಹೆಸರಲ್ಲಿ ಸಂಕಲ್ಪ ಮಾಡೋಣ?"

ನಾನು ಬಾಯಿ ತೆರೆಯೋದರೊಳಗೆ ಅತ್ತೆ ಹೇಳಿದರು, "ನಮ್ಮ ಅಳಿಯನ ಹೆಸರಲ್ಲೇ ಮಾಡಿ ಸ್ವಾಮಿ. ಮಗು ಹೆಂಗೋ ಪಾಸಾಗುತ್ತೆ. ಬುದ್ಧಿ ಬೇಕಾಗಿರೋದು ಇವರಿಗೆ."

ಮನೆಗೆ ಬಂದರೆ ರೇಷ್ಮೆ ಸೀರೆ ಉಟ್ಟ ಶೋಭಾ, ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಅತ್ತು ಅತ್ತು ಕೂತಿದ್ದಳು. ಮುಂದಿನ ವಾರ ಮಗಳ ಹೆಸರಲ್ಲೇ ಮಾಡಿಸ್ತೀನಿ ಅಂತ ಆಣೆ ಇಟ್ಟೆ. ಮರುದಿನ ಶೋಭಾ ತಾನೇ ಮುನಿಶಾಮಿ ಹತ್ರ ಹೋಗಿ, "ಇವರ ಬಳಕೆಗೆ ತಕ್ಕದ್ದು ಇದೇ" ಅಂತ ಇಬ್ಬರಿಗೂ ಅನ್‌ಲಿಮಿಟೆಡ್ ಹಾಕಿಸಿಕೊಂಡು ಬಂದಳು.

ನಿನ್ನೆ ಸಂಜೆ ಗೆಳೆಯ ಶ್ರೀಧರ್ ಜೊತೆ ಹರಟೆಗೆ ಕೂತಿದ್ದೆ. ಮೂರು ರಿಂಗ್ ಕೊಡೋಣ ಅಂತ ಒತ್ತಿದೆ. ಮೊದಲನೇ ರಿಂಗಿಗೇ ಎತ್ತಿದಳು.

"ಯಾಕೆ ಲೇಟು? ಯಾರ ಜೊತೆ ಇದೀರಿ? ಇಡಬೇಡಿ, ದುಡ್ಡೇನೂ ಹೋಗಲ್ಲ. ನಿಧಾನವಾಗಿ ಹೇಳಿ."