ಶಾಸಕಿಯ ಅತ್ತೆಮನೆ ಹೆಸರು

ಯಾರು ಯಾವ ಹೆಸರಲ್ಲಿ ಕರೆದರೂ, ತೊದಲಿ ಕರೆದರೂ ಓಗೊಡುವ ಶಿವನಿಗೆ ಮೊದಲ ಶರಣು. ಅವನಿಗಿರುವ ಈ ದೊಡ್ಡ ಗುಣ ವೇದಿಕೆ ಮೇಲೆ ಕೂರುವ ಗಣ್ಯರಿಗೆ ಇಲ್ಲದ್ದರಿಂದಲೇ ನನ್ನಂಥ ನಿರೂಪಕನ ಬಾಳಿನಲ್ಲಿ ಹೀಗೆಲ್ಲ ಆಗುತ್ತಲೇ ಇರುತ್ತದೆ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೆ ಉಳಿದಿರುವ ಸೇವೆ ಎರಡೇ: ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಯಾರಾದರೂ ಕರೆದರೆ ಮೈಕು.

ಕುಣಿಗಲ್ಲಿನ ದೀಪ

ನಮ್ಮ ಟ್ರಸ್ಟಿನವರು ಕುಣಿಗಲ್ಲಿನಲ್ಲಿ ಕುಡಿಯುವ ನೀರಿನ ಘಟಕ ಮಾಡಿದರು. ಉದ್ಘಾಟನೆಗೆ ಬಂದವರು ಇಂಗ್ಲೆಂಡಿನ ಯಾವುದೋ ಊರಿನ ಮೇಯರು. ಅವರ ತಾತ ಗುಜರಾತಿನಿಂದ ಆಫ್ರಿಕಾಕ್ಕೆ, ತಂದೆ ಅಲ್ಲಿಂದ ಇಂಗ್ಲೆಂಡಿಗೆ ಹೋದವರಂತೆ. ನಮ್ಮ ದೇಶದ ಹೆಸರೇ ತಾನೆ ಎಂದು ನಾನು ಗುಜರಾತಿನವರು ಹೇಳುವ ಹಾಗೇ ಅಚ್ಚುಕಟ್ಟಾಗಿ ಕೂಗಿ, ದೀಪ ಬೆಳಗಲು ಕರೆದೆ. ಯಾರೂ ಏಳಲಿಲ್ಲ. ಮತ್ತೆ ಕೂಗಿದೆ. ಬತ್ತಿ ಹಿಡಿದಿದ್ದವರ ಕೈಗೆ ಬಿಸಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೂರನೇ ಸಲ ಕೂಗಿ ಪಕ್ಕಕ್ಕೆ ನೋಡಿದರೆ, ಹುಟ್ಟಿದಾಗಿನಿಂದ ತಮ್ಮ ಹೆಸರನ್ನು ಇಂಗ್ಲಿಷರ ಬಾಯಲ್ಲಿ ಮಾತ್ರ ಕೇಳಿದ್ದ ಮೇಯರೆಂಬ ಆ ಪುಣ್ಯಾತ್ಮರು, ‘ಯಾರಪ್ಪಾ ಅದು, ಇಷ್ಟು ಹೊತ್ತಾದರೂ ಬರಲಿಲ್ಲ’ ಎಂದು ಹಿಂದೆ ತಿರುಗಿ ನೋಡುತ್ತಾ, ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದರು.

ಶೆಟ್ಟಿಹಳ್ಳಿಯ ಅಭ್ಯಾಸ

ಅದಾಗಿ ತಿಂಗಳಿಗೆ ಟ್ರಸ್ಟಿನ ಕಾರ್ಯದರ್ಶಿಗಳು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದು ಆಹ್ವಾನ ಪತ್ರಿಕೆ ಇಟ್ಟರು. ಗುಬ್ಬಿಯ ಹೈಸ್ಕೂಲಿಗೆ ಲ್ಯಾಬು ಕಟ್ಟಿಸಿಕೊಟ್ಟ ಕೆನಡಾದ ಶಾಸಕಿ ಬರುತ್ತಾರೆ.

“ಮೇಷ್ಟ್ರೇ, ಈ ಸಲ ಎಡವಿದ್ರೆ ಮೈಕು ನಿಮ್ ಕೈಲಿರಲ್ಲ. ಕಡಬದ ಡ್ರಾಯಿಂಗ್ ಮೇಷ್ಟ್ರು ರೆಡಿಯಾಗವ್ರೆ.”

ಹೆಸರು ನೋಡಿದೆ. ಹೆಲೆನ್ ಎನ್ನುವುದು ಸುಲಭ. ಅದರ ಮುಂದಿನ ಮನೆತನದ ಹೆಸರನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮತ್ತೆ ತಪ್ಪುತ್ತೇನೆ. ಪೋಲೆಂಡಿನಿಂದ ಹಡಗು ಹತ್ತಿ ಹೋದವರ ಹೆಸರಂತೆ. ಪ್ರೆಸ್ಸಿನವನು ಒತ್ತಿನ ಕೆಳಗೆ ಒತ್ತು, ಅದರ ಕೆಳಗೆ ಇನ್ನೊಂದು ಒತ್ತು ಜೋಡಿಸಿದ್ದ. ಕೊನೆಯ ಒತ್ತು ಕೆಳಗಿನ ಸಾಲಿಗೆ ಇಳಿದು ಅಧ್ಯಕ್ಷರ ಹೆಸರಿನ ತಲೆ ಮೇಲೆ ಕೂತಿತ್ತು.

ಆ ಹೆಸರು ಹೇಗೆ ಹೇಳಬೇಕೆಂದು ಫೋನನ್ನೇ ಕೇಳಿದೆ. ಅದು ಮೂರು ಸಲ ಮೂರು ಥರ ಹೇಳಿತು. ನಡೆಯುವಾಗ, ಉಣ್ಣುವಾಗ ಅದೇ ಜಪ. ಒಂದು ಬೆಳಿಗ್ಗೆ ಪೂಜೆಯಲ್ಲಿ ನಮಃ ಶಿವಾಯದ ನಡುವೆಯೂ ಆ ಹೆಸರು ನುಸುಳಿತು. ಶಿವ ಕ್ಷಮಿಸಿದ. ಅವರೆಕಾಯಿ ಸುಲಿಯುತ್ತಿದ್ದ ನನ್ನ ಮನೆಯವಳು ಕ್ಷಮಿಸಲಿಲ್ಲ.

“ಯಾರ್ರೀ ಅದು, ದೇವರ ಮುಂದೆ?”

“ಕೆನಡಾದ ಆಯಮ್ಮನ ಹೆಸರು ಕಣೇ.”

“ತೌರುಮನೇದೋ, ಗಂಡನ ಮನೇದೋ?”

“ಗಂಡನ ಮನೇದು.”

“ಅಯ್ಯೋ, ಹಂಗಾದ್ರೆ ಆಯಮ್ಮನೇ ಹೇಳಲ್ಲ ಬುಡಿ. ನಾನೇನು ನಿಮ್ ಹೆಸ್ರು ಹೇಳ್ತೀನಾ?”

ನಿಜ. ಮದುವೆಯಾಗಿ ನಲವತ್ತು ವರ್ಷ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೂ ಕಾರ್ಡು ಮುಂದೆ ಹಿಡಿದು, “ಓದ್ಕೊಳಪ್ಪ, ಅದರಲ್ಲೇ ಅದೆ” ಅನ್ನುವವಳು.

ಗುಬ್ಬಿಯ ವೇದಿಕೆ

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಡಬದ ಡ್ರಾಯಿಂಗ್ ಮೇಷ್ಟ್ರು ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ವೇದಿಕೆಯ ಮೆಟ್ಟಿಲ ಬಳಿ ನಾನು ಶಾಸಕಿಗೆ ಕೈಮುಗಿದು, “ತಾಯಿ, ನಿಮ್ಮ ಮನೆತನದ ಹೆಸರನ್ನ ನೀವೇ ಒಂದ್ಸಲ ಹೇಳಿಬಿಡಿ” ಎಂದು ನನ್ನ ಇಂಗ್ಲಿಷಿನಲ್ಲಿ ಬೇಡಿಕೊಂಡೆ.

ಆಕೆಯ ಮುಖ ನನ್ನದಕ್ಕಿಂತ ಹೆಚ್ಚು ಕಳೆಗುಂದಿತು. “ಪ್ರಚಾರದಲ್ಲಿ ಒಂದು ಥರ ಹೇಳ್ತೀನಿ, ಶಾಸನಸಭೇಲಿ ಇನ್ನೊಂದು ಥರ. ನಮ್ಮತ್ತೆ ಎದುರು ಮಾತ್ರ ಹೇಳೋದೇ ಇಲ್ಲ. ಮದುವೆ ಆದಾಗಿಂದ ತಿದ್ದುತ್ತಲೇ ಇದ್ದಾರೆ.” ಆಮೇಲೆ ದನಿ ತಗ್ಗಿಸಿ, ಸಹಾಯಕಿ ಹಿಡಿದಿದ್ದ ಫೋನು ತೋರಿಸಿದರು. “ಈಗಲೂ ನೋಡ್ತಿದ್ದಾರೆ.”

ಪರದೆಯಲ್ಲಿ ಬೆಳ್ಳಿಕೂದಲ ಮುದುಕಿ, ಕನ್ನಡಕ ಮೂಗಿನ ತುದಿಗೆ. ಕೆನಡಾದಲ್ಲಿ ಆಗ ನಡುರಾತ್ರಿಯಾದರೂ, ಹೆಸರು ಯಾರು ಹೇಗೆ ಕೆಡಿಸುತ್ತಾರೋ ನೋಡೋಣ ಎಂದು ಎದ್ದು ಕೂತಿದ್ದರು.

ಮೈಕು ಹಿಡಿದೆ. “ಇಂದಿನ ಮುಖ್ಯ ಅತಿಥಿಗಳು, ಕೆನಡಾದ ಶಾಸಕಿ, ಹೆಲೆನ್...” ಅಲ್ಲಿಗೆ ನಿಂತು ಆಹ್ವಾನ ಪತ್ರಿಕೆಯ ಒತ್ತುಗಳನ್ನು ಹುಡುಕಿದೆ. ಕಾರ್ಯದರ್ಶಿಗಳು ಹುಬ್ಬು ಗಂಟಿಕ್ಕಿದರು. ಡ್ರಾಯಿಂಗ್ ಮೇಷ್ಟ್ರು ಅರ್ಧ ಎದ್ದರು. ಶಿವಾ ಎಂದು ಕಣ್ಣು ಮುಚ್ಚಿ ತೆರೆದರೆ ಎದುರಿಗೆ ಪ್ರಾರ್ಥನೆ ಹಾಡಲು ಬಂದಿದ್ದ ನನ್ನ ಮನೆಯವಳು ಕಂಡಳು. ಅವರೆಕಾಯಿ ಸುಲಿಯುತ್ತ ಅವಳು ಹೇಳಿದ್ದ ಮಾತು ನೆನಪಾಗಿ, ಮೈಕಿನಲ್ಲಿ ಹೇಳಿಬಿಟ್ಟೆ:

“ನಮ್ಮ ಸೀಮೇಲಿ ಗೌರವಸ್ಥ ಸೊಸೆ ಗಂಡನ ಮನೆ ಹೆಸರನ್ನ ಬಾಯಲ್ಲಿ ಹೇಳೋದಿಲ್ಲ. ಇವತ್ತು ಹೆಲೆನ್ ಅಕ್ಕ ನಮ್ಮನೆ ಮಗಳು. ಅವರ ಅತ್ತೆಯವರ ಮರ್ಯಾದೆಗಾಗಿ ನಾವೂ ಆ ಹೆಸರು ಹೇಳೋದಿಲ್ಲ!”

ಅದನ್ನೇ ಇಂಗ್ಲಿಷಿನಲ್ಲೂ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಫೋನಿನ ಮುದುಕಿ ಏನೋ ಜೋರಾಗಿ ಕೂಗಿದರು. ನಾನು ಶಾಸಕಿಯ ಕಡೆ ಬಾಗಿದೆ.

“ಏನಂತೆ ತಾಯಿ?”

“ಕೊನೆಗೂ ಒಂದು ಮರ್ಯಾದಸ್ಥರ ಊರಿಗೆ ಹೋಗಿದ್ದೀಯ ಅಂದ್ರು. ಇನ್ಮೇಲೆ ನಾನೂ ಆ ಹೆಸರು ಹೇಳಬಾರದಂತೆ.”

“ಮತ್ತೆ ಎಲೆಕ್ಷನ್ನಿಗೆ?”

“ಅತ್ತೆನೇ ಬಂದು ಮನೆಮನೆಗೂ ಹೇಳ್ತಾರಂತೆ!”

ಡ್ರಾಯಿಂಗ್ ಮೇಷ್ಟ್ರು ಬೆಲ್ಲ ನುಂಗಿ ಕೂತರು.

ವಾಪಸು ಬಸ್ಸಿನಲ್ಲಿ

ಸಭೆಯ ಕೊನೆಯಲ್ಲಿ ಶಾಸಕಿ ವಂದನೆ ಹೇಳಲು ಎದ್ದರು. “ಈ ನಿರೂಪಕರ ಹೆಸರೇನು ಅಂತ ಅವರ ಶ್ರೀಮತಿಯವರನ್ನೇ ಕೇಳಿದೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರೇ ಹೊರತು ಹೇಳಲಿಲ್ಲ. ಅವರ ಮನೆ ಮರ್ಯಾದೆಗಾಗಿ ನಾನೂ ಹೇಳೋದಿಲ್ಲ” ಎಂದರು. ಗುಬ್ಬಿಯೇ ನಕ್ಕಿತು. ನನ್ನ ಮೈಕು ಉಳಿಯಿತು, ಹೆಸರು ಉಳಿಯಲಿಲ್ಲ.

ತುಮಕೂರಿಗೆ ಬರುವ ಬಸ್ಸಿನಲ್ಲಿ ಸ್ವಲ್ಪ ಮುನಿಸಿನಿಂದಲೇ ಕೇಳಿದೆ. “ಅಲ್ಲ ಕಣೇ, ಅಷ್ಟು ದೊಡ್ಡವರು ಕೇಳ್ದಾಗಲಾದ್ರೂ ಒಂದ್ಸಲ ಹೇಳಬಾರ್ದಿತ್ತಾ?”

ಅವಳು ಕಿಟಕಿಯಿಂದ ಮುಖ ತಿರುಗಿಸದೆ ಅಂದಳು:

“ಊರೋರ ಹೆಸರನ್ನೆಲ್ಲ ಹೇಳಿ ಹೇಳಿ ಕೆಡಿಸೋರು ನೀವು. ನಲವತ್ತು ವರ್ಷದಲ್ಲಿ ನಿಮ್ ಹೆಸ್ರನ್ನ ನಾನು ಒಂದ್ಸಲನಾದ್ರೂ ತಪ್ಪಾಗಿ ಹೇಳಿದೀನಾ?”

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ಹೀಗೇ ನಗು ತುಂಬಿರಲಿ. ನಿಮ್ಮ ಹೆಸರನ್ನು ಲೋಕ ಹೇಗೆ ಕರೆದರೂ ಶಿವ ಮಾತ್ರ ಪ್ರೀತಿಯಿಂದ ಕರೆಯಲಿ.